ಜ್ವರಕ್ಕೆ ಕೂತ ನಾಲ್ಕು ದಿನ

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ‘ಮಕ್ಕಳನ್ನು ನೋಡಿಕೊಂಡ ಅನುಭವವಿದ್ದಲ್ಲಿ ವಿವರಿಸಿ.’ ಕೆಳಗೆ ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದರು. ನಮಗೆ ಮಕ್ಕಳಾಗಲಿಲ್ಲ. ಎರಡು ದಿನ ಆ ಜಾಗ ಹಾಗೇ ಖಾಲಿ ಇತ್ತು. ಮೂರನೆಯ ದಿನ ಬರೆದೆ: ‘ಇಪ್ಪತ್ತೆರಡು ವರ್ಷ ಚಾಕಿ ಹುಳು ಸಾಕಿದ್ದೇನೆ.’ ಬರೆದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಪೆನ್ನಿನಲ್ಲಿ ಬರೆದಿದ್ದೆ, ಅಳಿಸುವ ಹಾಗಿರಲಿಲ್ಲ.

ಚಾಕಿ ಅಂದರೆ ರೇಷ್ಮೆ ಹುಳುವಿನ ಎಳೆಗಾಲ. ಮೊಟ್ಟೆ ಒಡೆದು ಇರುವೆಯಷ್ಟು ಕಪ್ಪಗೆ ಹೊರಬರುವ ಹುಳುವನ್ನು ಎರಡನೆಯ ಜ್ವರ ಏಳುವವರೆಗೆ ಸಾಕಿ ಬೇರೆ ರೈತರಿಗೆ ಕೊಡುವುದು ನಮ್ಮ ಕೆಲಸವಾಗಿತ್ತು. ಎಂಟು ಒಂಬತ್ತು ದಿನ ನಮ್ಮ ಮನೆ, ಆಮೇಲೆ ಅವರ ಮನೆ. ಅವು ಗೂಡು ಕಟ್ಟಿದ್ದನ್ನು ನಾವು ನೋಡುವುದಿಲ್ಲ. ಜ್ವರ ಅನ್ನುವುದು ನಮ್ಮ ಕಡೆಯ ಮಾತು. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಕಲ್ಲಿನಂತೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಹೊಸದರಲ್ಲಿ ಹೊರಗೆ ಬರಬೇಕು. ಅಷ್ಟು ಹೊತ್ತು ಅದಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಮೈ ಬಿಸಿಯಾಗುವ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಬೇಕಾದವರಿಗೆ ನಾನು ಹೇಳಲಿಲ್ಲ.

ನನ್ನ ಗಂಡ ಸೊಪ್ಪಿನ ತೋಟದಲ್ಲಿ, ಬೆಳಗಿನ ಕಟಾವಿನ ಹೊತ್ತಿನಲ್ಲಿ ಹೋದರು. ಎದೆ ಹಿಡಿದುಕೊಂಡು ಸಾಲಿನ ನಡುವೆ ಕೂತರಂತೆ, ಅಷ್ಟೇ. ಆಗ ಮನೆಯಲ್ಲಿ ಎರಡನೆಯ ಜ್ವರಕ್ಕೆ ಕೂತ ಹುಳುವಿತ್ತು. ಸೂತಕದವರು ಹುಳದ ಮನೆಗೆ ಕಾಲಿಡಬಾರದೆಂದು ನನ್ನನ್ನು ಹನ್ನೊಂದು ದಿನ ಒಳಗೆ ಬಿಡಲಿಲ್ಲ. ಪಕ್ಕದೂರಿನ ಒಬ್ಬರು ಉಪಕಾರಕ್ಕೆಂದು ಬಂದು ನೋಡಿಕೊಂಡರು. ಪಾಪ, ಮರುಕಕ್ಕೆ, ಅರ್ಧ ಹುಳು ಏಳುವ ಮೊದಲೇ ಸೊಪ್ಪು ಹಾಕಿಬಿಟ್ಟರು. ಎದ್ದವು ಮೇದವು. ಏಳದವು ಸೊಪ್ಪಿನ ಅಡಿಯಲ್ಲಿ ಉಳಿದವು. ಒಂದೇ ತಟ್ಟೆಯಲ್ಲಿ ದೊಡ್ಡದು, ಸಣ್ಣದು, ಸತ್ತದ್ದು. ನಾನು ಬಾಗಿಲ ಆಚೆ ಕೂತು ವಾಸನೆಯಲ್ಲೇ ತಿಳಿದುಕೊಂಡೆ. ಆ ಹುಳುವನ್ನೆಲ್ಲ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದರು. ಆಮೇಲೆ ನಾನು ಹುಳು ಸಾಕಲಿಲ್ಲ. ತಟ್ಟೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು, ಒಣಗಿಸಿ, ಒಂದರ ಮೇಲೊಂದು ಪೇರಿಸಿಟ್ಟೆ. ಒಂದು ತಿಂಗಳಾದ ಮೇಲೆ ಮತ್ತೆ ಇಳಿಸಿ ತೊಳೆದೆ.

ಕೆಲಸ ನಿಂತರೂ ಕೈ ನಿಲ್ಲಲಿಲ್ಲ. ಬೆಳಗ್ಗೆ ಆರು, ಹನ್ನೊಂದು, ನಾಲ್ಕು, ಈ ಸೊಪ್ಪಿನ ಹೊತ್ತುಗಳಿಗೆ ಸರಿಯಾಗಿ ಎದ್ದು ನಿಲ್ಲುತ್ತಿದ್ದೆ. ಹುಳದ ಮನೆಯ ಬಾಗಿಲು ತೆಗೆದು, ಗೋಡೆಯ ಮೇಲಿನ ಶಾಖದ ಅಳತೆ ನೋಡಿ, ಮತ್ತೆ ಮುಚ್ಚುತ್ತಿದ್ದೆ. ಅಂಗನವಾಡಿಯವರು ಸಾಕು ಪೋಷಕತ್ವದ ಕಾಗದ ತಂದುಕೊಟ್ಟದ್ದು ಆಗ. ದತ್ತು ಅಲ್ಲ, ಹೆತ್ತವರ ಕಷ್ಟ ತೀರುವವರೆಗೆ ಮಗುವನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು, ಆಮೇಲೆ ಹಿಂದಕ್ಕೆ ಕೊಡುವುದು ಎಂದು ವಿವರಿಸಿದರು. ಒಂಟಿ ಹೆಂಗಸರೂ ಅರ್ಜಿ ಹಾಕಬಹುದಂತೆ. ನಾನು ಮತ್ತೇನೂ ಕೇಳದೆ ಆ ಅರ್ಜಿ ತೆಗೆದುಕೊಂಡೆ.

ಜಿಲ್ಲಾ ಕಚೇರಿಯಿಂದ ಮೇಡಂ ಒಬ್ಬರು ಮನೆ ನೋಡಲು ಬಂದರು. ಚಿಕ್ಕ ವಯಸ್ಸು, ಊರು ದೂರ, ಈ ಕಡೆಗೆ ಬಂದು ವರ್ಷವಾಗಿರಲಿಲ್ಲ. ಕುಡಿಯುವ ನೀರು, ಶೌಚಾಲಯ, ಮಲಗುವ ಜಾಗ, ಬಾಗಿಲ ಚಿಲಕ ಎಲ್ಲ ನೋಡಿ ಗುರುತು ಹಾಕಿಕೊಂಡರು. ನನ್ನ ಆ ಒಂದು ಗೆರೆಯನ್ನು ಓದಿ ತಲೆ ಎತ್ತಿದರು.

“ಹುಳು ಸಾಕಿದ್ದೀರಾ?”

“ಹೂಂ ಮೇಡಂ.”

“ಅದು ಇಲ್ಲಿಗೆ ಹೇಗೆ ಉಪಯೋಗಕ್ಕೆ ಬರುತ್ತೆ ಅಂತ?”

ಬಾಗಿಲಲ್ಲಿ ನಿಂತಿದ್ದ ನನ್ನ ಓರಗಿತ್ತಿ ನಕ್ಕಳು. ಅವಳದು ಪಕ್ಕದ ಮನೆ, ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. “ಹುಳ ಸಾಕ್ದಂಗಲ್ಲ ಕಣಕ್ಕ ಮಗ ಸಾಕೋದು. ಹುಳ ಎದುರ್ ಮಾತಾಡಕಿಲ್ಲ” ಅಂದಳು. ಮೇಡಂ ಕೂಡ ಸ್ವಲ್ಪ ನಕ್ಕರು. ಆದರೂ ಕಾಗದ ಮುಂದಕ್ಕೆ ಕಳಿಸಿದರು.

ಪೊಲೀಸ್ ಠಾಣೆಯ ಕಾಗದ, ಡಾಕ್ಟರ ಕಾಗದ, ಊರಿನ ಇಬ್ಬರ ಮಾತು, ಇವೆಲ್ಲಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮರಳವಾಡಿಯಿಂದ ಕನಕಪುರ, ಕನಕಪುರದಿಂದ ರಾಮನಗರ, ಎರಡು ಬಸ್ಸು ಬದಲಾಯಿಸಿ ಎರಡು ದಿನ ತರಬೇತಿಗೆ ಹೋಗಿ ಬಂದೆ. ಮಗು ಹಾಸಿಗೆ ಒದ್ದೆ ಮಾಡಿದರೆ ಏನು ಮಾಡಬೇಕು, ಸುಳ್ಳು ಹೇಳಿದರೆ ಏನು, ಅಡಿಗೆ ಮನೆಯಿಂದ ತಿಂಡಿ ಕದ್ದು ಬಚ್ಚಿಟ್ಟರೆ ಏನು ಎಂದು ಕಲಿಸಿದರು. ದಿನಾಲೂ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಶನಿವಾರ ಸಂಜೆ ಆ ಪುಟಗಳ ಫೋಟೋ ತೆಗೆದು ಕಚೇರಿಗೆ ಕಳಿಸಬೇಕು ಅಂದರು. ಅದೊಂದು ಮಾತು ಕೇಳಿ ನನಗೆ ಧೈರ್ಯ ಬಂತು. ಬರೆಯುವುದು ನನಗೆ ಗೊತ್ತಿತ್ತು. ಹುಳು ಸಾಕುವಾಗ ನನ್ನ ಗಂಡ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಶಾಖ ಎಷ್ಟು, ತೇವ ಎಷ್ಟು, ಎಷ್ಟು ಸೊಪ್ಪು ಹಾಕಿದ್ದು, ಎಷ್ಟು ಉಳಿದದ್ದು, ಯಾವ ಜ್ವರ. ಆ ನೋಟು ಪುಸ್ತಕ ಅರ್ಧಕ್ಕೆ ನಿಂತಿತ್ತು. ಹೊಸದು ಕೊಳ್ಳುವ ಮನಸ್ಸಾಗಲಿಲ್ಲ. ಕೊನೆಯ ಹುಳುವಿನ ಪುಟದ ಮುಂದಿನ ಹಾಳೆಯಲ್ಲಿ ಅದೇ ರೀತಿ ಗೆರೆ ಎಳೆದು ಇಟ್ಟುಕೊಂಡೆ.

ಅವರೆಕಾಯಿ ಕಾಲ ಶುರುವಾಗಿತ್ತು. ಒಂದು ಸೋಮವಾರ ಮೇಡಂ ಹುಡುಗಿಯನ್ನು ಕರೆತಂದರು. ಎಂಟು ವರ್ಷ, ಚನ್ನಪಟ್ಟಣದ ಕಡೆಯವಳು. ತಂದೆ ಬಿಟ್ಟುಹೋಗಿದ್ದ. ತಾಯಿಗೆ ದೊಡ್ಡ ಕಾಯಿಲೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಹಲವು ತಿಂಗಳ ಚಿಕಿತ್ಸೆ. ಹುಡುಗಿಯ ಜೊತೆ ಬಂದದ್ದು ಒಂದು ಬಟ್ಟೆ ಚೀಲ ಮತ್ತು ಅದರಲ್ಲಿರುವುದರ ಪಟ್ಟಿ. ನಾಲ್ಕು ಜೊತೆ ಬಟ್ಟೆ, ಒಂದು ಸ್ವೆಟರು, ಚಪ್ಪಲಿ, ಸ್ಲೇಟು, ಒಂದು ಪೌಡರ್ ಡಬ್ಬಿ. ನಾನು ಒಂದೊಂದನ್ನೂ ಮುಟ್ಟಿ ನೋಡಿ ಸಹಿ ಹಾಕಿದೆ.

“ನಂಗೆ ದೊಡ್ಡವ್ವ ಅನ್ನು” ಅಂದೆ. ಅವಳು ತಲೆಯಾಡಿಸಿದಳು. ಅವತ್ತು ಅರ್ಧ ಮುದ್ದೆ ಉಂಡಳು. ಹುಳದ ಮನೆಯ ಬಾಗಿಲು ತೋರಿಸಿ “ಆ ಬಾಗ್ಲು ಯಾತ್ರದು?” ಎಂದು ಕೇಳಿದಳು. “ಹುಳದ ಮನೆ ಕಣವ್ವ, ಈಗ ಖಾಲಿ” ಅಂದೆ. ಪುಸ್ತಕದಲ್ಲಿ ಬರೆದೆ: ‘ಸೋಮವಾರ. ಉಂಡಳು. ಮಾತಾಡಿದಳು.’

ಮಂಗಳವಾರ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಹಾಸಿಗೆ ಮಡಿಸಿದೆ. ದಿಂಬಿನ ಕೆಳಗೆ ಪೌಡರ್ ಡಬ್ಬಿ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಹಿತ್ತಲಿನ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಇಟ್ಟೆ. ಯೋಚನೆ ಮಾಡಿ ಇಟ್ಟದ್ದಲ್ಲ. ಹುಳು ಸಾಕುವ ಮನೆಯಲ್ಲಿ ಪೌಡರು, ಊದುಬತ್ತಿ, ಸೊಳ್ಳೆ ಬತ್ತಿ, ಬೀಡಿ ಹೊಗೆ ಯಾವುದೂ ಕೂಡದು. ವಾಸನೆ ಬಿದ್ದರೆ ಹುಳು ಸೊಪ್ಪು ಬಿಡುತ್ತದೆ. ಮದುವೆಯಾಗಿ ಬಂದ ವಾರದಲ್ಲೇ ನನ್ನ ತವರಿನ ಪೌಡರ್ ಡಬ್ಬಿಯೂ ಅದೇ ಗೋಡೆಗೂಡಿಗೆ ಹೋಗಿತ್ತು. ಇಟ್ಟುಬಂದು ಕೈ ತೊಳೆದುಕೊಂಡೆ, ಮರೆತುಬಿಟ್ಟೆ. ಪುಸ್ತಕದಲ್ಲಿ ಅದನ್ನು ಬರೆಯಲೂ ಇಲ್ಲ.

ಸ್ನಾನ ಮುಗಿಸಿ ಬಂದ ಹುಡುಗಿ ದಿಂಬು ಎತ್ತಿ ನೋಡಿದಳು, ಚೀಲ ಬಗ್ಗಿಸಿ ನೋಡಿದಳು. “ಏನವ್ವ ಹುಡುಕ್ತಿದ್ದೀಯ?” ಅಂದೆ. ಹೇಳಲಿಲ್ಲ. ನಡುಮನೆಯ ಮೂಲೆಯಲ್ಲಿ, ಹುಳದ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅಲ್ಲಿಂದ ಏಳಲಿಲ್ಲ. ಇಡ್ಲಿ ಹಾಗೇ ಇತ್ತು. ಮಧ್ಯಾಹ್ನದ ಮುದ್ದೆ ಹಾಗೇ ಇತ್ತು.

ತಾಯಿಯ ನೆನಪಿರಬೇಕು ಅಂದುಕೊಂಡೆ. ಅದು ತಪ್ಪಲ್ಲ. ಆದರೆ ನನಗೆ ಕೂರಲಾಗಲಿಲ್ಲ. ಅರ್ಧ ಗಂಟೆಗೊಮ್ಮೆ ಏನಾದರೂ ತಂದು ಅವಳ ಮುಂದೆ ಇಡುತ್ತಿದ್ದೆ. ಹಾಲು, ಬಾಳೆಹಣ್ಣು, ಬೆಲ್ಲ, ಕೋಡುಬಳೆ. ಬುಧವಾರ ಪಕ್ಕದಲ್ಲೇ ಕೂತು ತುತ್ತು ಮಾಡಿ ಬಾಯಿಗೆ ಇಟ್ಟೆ. ಅವಳು ಬಾಯಿ ಬಿಗಿದಳು. “ಒಸಿ ನುಂಗವ್ವ, ನನ್ನ ಕಂದ ಅಲ್ವಾ” ಎಂದು ಕೆನ್ನೆ ಹಿಡಿದೆ. ಎರಡು ತುತ್ತು ಒಳಗೆ ಹೋಯಿತು. ಅಷ್ಟೂ ನನ್ನ ಮಡಿಲಿಗೇ ವಾಂತಿಯಾಯಿತು.

ಗದ್ದಲ ಕೇಳಿ ಓರಗಿತ್ತಿ ಬಂದಳು. ಹುಡುಗಿಯನ್ನು ನೋಡಿದಳು, ನನ್ನ ಸೀರೆ ನೋಡಿದಳು. “ಹುಳ ಎದುರ್ ಮಾತಾಡಕಿಲ್ಲ ಅಂತಿದ್ನಲ್ಲಕ್ಕ, ಇದೂ ಮಾತಾಡಕಿಲ್ಲ. ನಿಂಗ್ ಸರೀಗೈತೆ ಬುಡು” ಅಂದಳು. ಆಮೇಲೆ ದನಿ ಇಳಿಸಿದಳು. “ಏನಾರ ಎಚ್ಚುಕಮ್ಮಿ ಆದ್ರೆ ಆ ಮೇಡಂ ನಿನ್ನ ಬುಡ್ತಾಳಾ? ಫೋನ್ ಮಾಡಿ ವಾಪಸ್ ಕಳ್ಸ್ಬುಡಕ್ಕ.”

ಸೀರೆ ಬದಲಾಯಿಸಿ, ನೆಲ ಒರೆಸಿ, ಅವಳ ಮೂತಿ ತೊಳೆಯಲು ನೀರು ತಂದೆ. ತರುವಾಗ ದೂರದಿಂದ ಅವಳನ್ನು ನೋಡಿದೆ. ಬೆನ್ನು ನೆಟ್ಟಗೆ, ತಲೆ ತುಸು ಮೇಲಕ್ಕೆ, ಕಣ್ಣು ಎಲ್ಲೂ ಇಲ್ಲ. ಅಷ್ಟು ವರ್ಷ ದಿನಾ ನೋಡಿದ ಕೂರಾಟ. ನೀರಿನ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮದುವೆಯಾಗಿ ಹೊಸದಾಗಿ ಬಂದ ವರ್ಷ, ಜ್ವರಕ್ಕೆ ಕೂತ ಹುಳುವಿನ ಮೇಲೆ ನಾನು ಕದ್ದು ಎಳೆ ಸೊಪ್ಪು ಉದುರಿಸುತ್ತಿದ್ದೆ. ಅವು ಹಸಿದಿವೆ ಅನ್ನಿಸುತ್ತಿತ್ತು. ನನ್ನ ಗಂಡ ಒಂದು ದಿನ ನೋಡಿದರು. ಬೈಯಲಿಲ್ಲ. ಒಂದೊಂದೇ ಎಲೆ ಆರಿಸಿ ತೆಗೆದರು. “ಜ್ವರದಾಗಿರೋ ಹುಳಕ್ಕೆ ನಿನ್ ಪ್ರೀತಿ ಬ್ಯಾಡ ಕಣಮ್ಮಿ, ಗಾಳಿ ಬೇಕು” ಅಂದರು.

ನೀರನ್ನು ಅವಳ ಕೈಗೆಟಕುವಲ್ಲಿ ಇಟ್ಟು, ಹೊರಗೆ ಬಂದೆ. ಪುಸ್ತಕ ತೆಗೆದು ಬರೆದೆ. ‘ಬುಧವಾರ ಸಂಜೆ. ಬಲವಂತ ಮಾಡಿದೆ, ವಾಂತಿಯಾಯಿತು. ತಪ್ಪು ನನ್ನದು. ನಾಳೆಯಿಂದ ಬಲವಂತ ಇಲ್ಲ.’

ಹುಳು ಜ್ವರಕ್ಕೆ ಕೂತಾಗ ಸುಮ್ಮನೆ ಬಿಟ್ಟುಬಿಡುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ, ಅದಕ್ಕೂ ಕ್ರಮವಿದೆ. ತಟ್ಟೆಯ ಮೇಲಿನ ಮೇಣದ ಕಾಗದ ತೆಗೆಯಬೇಕು. ಒದ್ದೆ ಸ್ಪಂಜು ತೆಗೆದು, ಸುಣ್ಣ ಉದುರಿಸಿ, ತೇವ ಇಳಿಸಬೇಕು. ಗಾಳಿ ಆಡಬೇಕು, ಬಿರುಗಾಳಿ ಬೀಸಬಾರದು. ಹೊತ್ತು ಹೊತ್ತಿಗೆ ಹೋಗಿ ನೋಡಬೇಕು, ಕೈ ಹಾಕಬಾರದು. ಮನುಷ್ಯರ ಮಗುವನ್ನು ಹಸಿವಿನಲ್ಲಿ ಬಿಡುವ ಹಾಗಿಲ್ಲ ಅನ್ನುವಷ್ಟು ಬುದ್ಧಿ ನನಗಿತ್ತು. ಹಾಗಾಗಿ ಗುರುವಾರದಿಂದ ಹೀಗೆ ಮಾಡಿದೆ. ಊಟದ ಹೊತ್ತಿಗೆ ತಟ್ಟೆ ತಂದು ಮುಚ್ಚಿಟ್ಟು, “ಇಲ್ಲೈತೆ ಕಣವ್ವ” ಎಂದಷ್ಟೇ ಹೇಳಿ ಹಿತ್ತಲಿಗೆ ಹೋಗುವುದು. ಒಂದು ಗಂಟೆ ಬಿಟ್ಟು ಬಂದು ತಟ್ಟೆ ಎತ್ತುವುದು. ಎಷ್ಟು ಉಳಿದಿದೆ ನೋಡಿ ಬರೆಯುವುದು. ಯಾಕೆ ಉಂಡಿಲ್ಲ ಎಂದು ಕೇಳುವ ಹಾಗಿಲ್ಲ. ಬೀದಿಯ ಹೆಂಗಸರು ಹುಡುಗಿಯನ್ನು ನೋಡಲು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು.

ಆ ಒಂದೊಂದು ಗಂಟೆ ನಾನು ಪಟ್ಟ ಪಾಡು ನನಗೆ ಗೊತ್ತು. ಸೊಪ್ಪಿನ ತೋಟದ ಕಳೆ ಕಿತ್ತೆ. ಕಿತ್ತ ಕಡೆಯೇ ಮತ್ತೆ ಕಿತ್ತೆ. ಕೊಟ್ಟಿಗೆ ಗುಡಿಸಿದೆ. ಗೋಡೆಗೂಡಿನಲ್ಲಿದ್ದ ಪೌಡರ್ ಡಬ್ಬಿಯ ಮೇಲೆ ಧೂಳು ಬೀಳುತ್ತದೆಂದು ಒಂದು ಬಟ್ಟೆ ಸುತ್ತಿ ಅಲ್ಲೇ ಇಟ್ಟೆ. ಅದನ್ನು ಕೈಯಲ್ಲಿ ಹಿಡಿದಾಗಲೂ ನನಗೆ ಹೊಳೆಯಲಿಲ್ಲ.

ಪುಸ್ತಕದಲ್ಲಿ ಹೀಗಿತ್ತು:

‘ಗುರುವಾರ. ಜ್ವರಕ್ಕೆ ಕೂತಿದ್ದಾಳೆ, ಒಂದನೇ ದಿನ. ಬೆಳಗ್ಗೆ ಇಡ್ಲಿ ಎರಡರಲ್ಲಿ ಒಂದೂಕಾಲು ಉಳಿದಿದೆ. ಹಾಲು ಪೂರ್ತಿ ಖಾಲಿ. ಮಧ್ಯಾಹ್ನ ಮುದ್ದೆ ಮುಟ್ಟಿಲ್ಲ, ಸಾರು ಕುಡಿದಿದ್ದಾಳೆ. ಸಂಜೆ ಬಾಳೆಹಣ್ಣಿನ ಸಿಪ್ಪೆ ಹಾಸಿಗೆ ಕೆಳಗೆ ಸಿಕ್ಕಿತು, ಎರಡು.

ಶುಕ್ರವಾರ. ಜ್ವರ, ಎರಡನೇ ದಿನ. ಉಪ್ಪಿಟ್ಟು ಅರ್ಧ. ಮಧ್ಯಾಹ್ನ ಅನ್ನ ಮುಕ್ಕಾಲು. ನಾನಿರುವಾಗ ಉಣ್ಣುವುದಿಲ್ಲ. ಜಾಗ ಬದಲಾಗಿಲ್ಲ. ಎರಡು ಸಲ ಹಿತ್ತಲಿಗೆ ಹೋಗಿ ಬಂದಳು.

ಶನಿವಾರ. ಜ್ವರ, ಮೂರನೇ ದಿನ. ನೆನೆಸಿದ ಅವರೆಕಾಳು ಜಗಲಿಯಲ್ಲಿ ಇಟ್ಟು ತೋಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಒಂದು ಹಿಡಿ ಕಾಳಿನ ಸಿಪ್ಪೆ ಹಿತುಕಿ ತೆಗೆದು ಬೇರೆ ಇಟ್ಟಿದ್ದಾಳೆ. ನಾನು ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ. ಇನ್ನೂ ಎದ್ದಿಲ್ಲ.’

ಶನಿವಾರ ಸಂಜೆ ಓರಗಿತ್ತಿಯ ಮಗಳಿಂದ ಫೋಟೋ ತೆಗೆಸಿ ಕಳಿಸಿದೆ. ಕಾಳು ಹಿತುಕಿದ ಖುಷಿಗೆ, ಕೇಳದಿದ್ದರೂ ಆ ಪುಟ ಮಾತ್ರ ಎರಡು ಸಲ ಕಳಿಸಿದೆ. ಅವತ್ತು ಊರಿಗೆ ಕರೆಂಟ್ ಹೋಗಿ ನನ್ನ ಫೋನು ಸತ್ತಿತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕಚೇರಿಯ ಜೀಪು ಬಂತು. ಮೇಡಂ ಇಳಿದ ರಭಸಕ್ಕೆ ಜೀಪಿನ ಬಾಗಿಲು ಹಾಗೇ ತೆರೆದಿತ್ತು.

“ಮಗು ಎಲ್ಲಿ? ರಾತ್ರಿಯಿಂದ ಫೋನ್ ಮಾಡ್ತಿದ್ದೀನಿ. ಮೂರು ದಿನದಿಂದ ಜ್ವರ ಅಂತ ಬರೀತೀರಿ, ಒಂದು ಮಾತ್ರೆ ಕೊಟ್ಟಿದ್ದು ಬರೆದಿಲ್ಲ, ಆಸ್ಪತ್ರೆಗೆ ಹೋಗಿದ್ದು ಬರೆದಿಲ್ಲ. ಅವರೆಕಾಳು ಬರೆದಿದ್ದೀರಿ!”

ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮೇಡಂ ಒಳಗೆ ಹೋಗಿ ಹುಡುಗಿಯ ಹಣೆ ಮುಟ್ಟಿದರು, ಕತ್ತು ಮುಟ್ಟಿದರು. ತಂದಿದ್ದ ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡಿದರು. ಮತ್ತೆ ನೋಡಿದರು.

“ಜ್ವರ ಇಲ್ಲವಲ್ಲ?”

“ಮೈ ಜ್ವರ ಅಲ್ಲ ಮೇಡಂ” ಅಂದೆ. “ಹುಳಕ್ಕೆ ಬರ್ತದಲ್ಲ, ಆ ತರದ್ದು.”

ಅದನ್ನು ಕೇಳಿ ಮೇಡಂ ಮುಖ ಇನ್ನೂ ಬಿಳಿಚಿತು. “ಹುಳದ ರೋಗ ಮಗುಗೆ ಬಂದಿದೆಯಾ?”

ಜೀಪಿನ ಚಾಲಕರು ಬಾಗಿಲಿಗೆ ಬಂದಿದ್ದರು. ಐವತ್ತು ದಾಟಿದವರು, ಮಾಗಡಿ ಕಡೆಯವರು. ಅವರಿಗೆ ನಗು ತಡೆಯಲಾಗಲಿಲ್ಲ. “ಮೇಡಂ, ಮೇಡಂ, ರೋಗ ಅಲ್ಲ. ನಮ್ಮೂರು ಕಲ್ಯದಾಗೂ ಹುಳ ಮೇಯುಸ್ತಿದ್ದೊ. ಜ್ವರ ಅಂದ್ರೆ ಜ್ವರ ಅಲ್ಲ.”

“ಜ್ವರ ಅಂದ್ರೆ ಜ್ವರ ಅಲ್ಲ ಅಂದ್ರೆ ಏನ್ರೀ ಅರ್ಥ?”

“ಹುಳ ಮೈ ಬುಡೋ ಮುಂಚೆ ಸುಮ್ಕೆ ಕುಂತ್ಕತ್ತದೆ ಮೇಡಂ. ಮೇಯಾಕಿಲ್ಲ, ಅಲ್ಲಾಡಾಕಿಲ್ಲ. ಅದ್ಕೆ ಜ್ವರ ಅಂತೀವಿ. ಆವಾಗ ಸೊಪ್ಪೇ ಹಾಕಾಕಿಲ್ಲ.”

ಉಪಕಾರ ಮಾಡಲು ಹೋಗಿ ಅವರು ನನ್ನನ್ನು ಪೂರ್ತಿ ಮುಳುಗಿಸಿದರು. ಮೇಡಂ ನನ್ನ ಕಡೆ ತಿರುಗಿದರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಣ್ಣಗಿತ್ತು. “ಅಂದರೆ, ಮೂರು ದಿನದಿಂದ ನೀವು ಈ ಮಗುಗೆ ಊಟ ಹಾಕಿಲ್ಲ.”

“ಅಯ್ಯೋ, ಹಾಕಿದೀನಿ ಮೇಡಂ.”

“ನಾನು ಈಗಲೇ ಕರ್ಕೊಂಡು ಹೋಗ್ತೀನಿ ಅಮ್ಮ. ಡಾಕ್ಟರಿಗೆ ತೋರಿಸಿ, ಆಮೇಲೆ ರಾಮನಗರದ ಬಾಲಮಂದಿರ. ಮುಂದಿನದು ಸಮಿತಿ ನೋಡುತ್ತೆ. ಅವಳ ಚೀಲ ಕೊಡಿ.”

ಆ ಹೊತ್ತಿಗೆ ಬಾಗಿಲಲ್ಲಿ ಓರಗಿತ್ತಿ, ಅವಳ ಹಿಂದೆ ಇನ್ನಿಬ್ಬರು ಸೇರಿದ್ದರು. ನಾನು ಮಾತಿನಲ್ಲಿ ಎಂದೂ ಗೆದ್ದವಳಲ್ಲ. ಪುಸ್ತಕ ತಂದು ಮೇಡಂ ಕೈಗೆ ಕೊಟ್ಟೆ. “ಮೇಡಂ, ‘ಜ್ವರ’ ಅನ್ನೋದ್ ಬುಟ್ಟು ಮಿಕ್ಕಿದ್ದೆಲ್ಲ ಓದಿ” ಅಂದೆ.

ಫೋಟೋದಲ್ಲಿ ಜ್ವರವಷ್ಟೇ ಅವರ ಕಣ್ಣಿಗೆ ಬಿದ್ದಿರಬೇಕು, ಈಗ ನಿಂತೇ ಎಲ್ಲ ಓದಿದರು. ಒಂದೂಕಾಲು ಇಡ್ಲಿ ಉಳಿದದ್ದು, ಸಿಪ್ಪೆ ಸಿಕ್ಕಿದ್ದು, ಅರ್ಧ ಉಪ್ಪಿಟ್ಟು, ಮುಕ್ಕಾಲು ಅನ್ನ. ಹಿಂದಿನ ಪುಟಗಳನ್ನೂ ತಿರುವಿದರು. ಅಲ್ಲಿ ಹುಳುವಿನ ಲೆಕ್ಕ ಅದೇ ಅಕ್ಷರದಲ್ಲಿತ್ತು. ಹಾಕಿದ್ದು, ಉಳಿದದ್ದು. ಕೊನೆಯ ಹುಳುವಿನ ಪುಟದಲ್ಲಿ ‘ಎರಡನೇ ಜ್ವರ’ ಎಂದು ಬರೆದ ಮೇಲೆ ಏನೂ ಇಲ್ಲ, ಖಾಲಿ ಗೆರೆಗಳು. ಅಲ್ಲಿಂದ ಮತ್ತೆ ಹುಡುಗಿಯ ಪುಟಕ್ಕೆ ಬಂದರು.

“ಉಳಿದಿದ್ದು ಯಾಕೆ ಬರೀತೀರಿ?”

“ಹಾಕಿದ್ದು ನಮ್ಗೆ ಗೊತ್ತಿರ್ತದೆ ಮೇಡಂ. ಉಳ್ದಿದ್ದು ನೋಡುದ್ರೆ ಅವ್ರ್ ಸಮಾಚಾರ ಗೊತ್ತಾಗ್ತದೆ.”

ಮೇಡಂ ಪುಸ್ತಕ ಮುಚ್ಚಿದರು. ಆದರೂ ಚೀಲ ತೆಗೆದುಕೊಂಡರು. ಅವರಿಗೂ ಮೇಲಿನವರಿಗೆ ಉತ್ತರ ಹೇಳುವ ಹೊಣೆ ಇತ್ತು, ನಾನು ಅದನ್ನು ತಪ್ಪೆನ್ನುವುದಿಲ್ಲ. ಪಟ್ಟಿ ಹಿಡಿದು ಒಂದೊಂದಾಗಿ ನೋಡಿದರು. ಬಟ್ಟೆ ನಾಲ್ಕು ಜೊತೆ ಇದೆ. ಸ್ವೆಟರು ಮೈಮೇಲಿದೆ. ಚಪ್ಪಲಿ, ಸ್ಲೇಟು.

“ಪೌಡರ್ ಡಬ್ಬಿ?”

“ಕೊಟ್ಟಿಗೇಲೈತೆ ಮೇಡಂ.”

“ಕೊಟ್ಟಿಗೆಯಲ್ಲಿ ಯಾಕೆ?”

“ಹುಳದ ಮನೇಗೆ ಪೌಡರ್ ಆಗಾಕಿಲ್ಲ.”

“ಹುಳು ಎಲ್ಲಿದೆ?”

ಅವರು ಏನನ್ನೂ ಕುಟುಕಲು ಕೇಳಿದ್ದಲ್ಲ. ಹೊಸಬರು, ಗೊತ್ತಿಲ್ಲದೆ ಕೇಳಿದ್ದು. ನಾನು ಹುಳದ ಮನೆಯ ಬಾಗಿಲ ಕಡೆ ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಚಾಲಕರು ನೆಲ ನೋಡಿದರು.

“ಇಲ್ಲ ಮೇಡಂ. ಹುಳ ಇಲ್ಲ” ಅಂದೆ.

ಆಗ ಹುಡುಗಿಯನ್ನು ನೋಡಿದೆ. ಪೌಡರ್ ಅನ್ನುವ ಮಾತಿಗೆ ಅವಳ ತಲೆ ಈ ಕಡೆ ತಿರುಗಿತ್ತು. ಐದು ದಿನದಲ್ಲಿ ಮೊದಲ ಸಲ. ಜ್ವರ ಎದ್ದ ಹುಳು ಉಸಿರು ತಾಗಿದರೆ ತಲೆ ತಿರುಗಿಸುತ್ತದೆ. ನಾವು ಹಾಗೇ ಊದಿ ನೋಡುತ್ತೇವೆ, ಎದ್ದಿದೆಯೋ ಇಲ್ಲವೋ ಎಂದು. ಮಂಗಳವಾರ ಬೆಳಗ್ಗೆ ಅವಳು ದಿಂಬು ಎತ್ತಿ ನೋಡಿದ್ದು, ಚೀಲ ಬಗ್ಗಿಸಿದ್ದು ಎಲ್ಲ ಒಟ್ಟಿಗೆ ನನ್ನ ಕಣ್ಣೆದುರು ಬಂತು. ಉಳಿದ ತುತ್ತನ್ನೆಲ್ಲ ಅಳೆದು ಬರೆದವಳು, ನಾನು ಎತ್ತಿಟ್ಟದ್ದನ್ನು ಬರೆದಿರಲಿಲ್ಲ.

ಕೊಟ್ಟಿಗೆಗೆ ಓಡಿದೆ. ಬಟ್ಟೆ ಬಿಚ್ಚಿ ಡಬ್ಬಿ ತಂದೆ. ಹೊಸಿಲಿನ ಹತ್ತಿರ ಕಾಲು ತಾನಾಗಿ ನಿಂತಿತು. ಅಷ್ಟು ವರ್ಷ ನಾನಾಗಿ ಆ ಹೊಸಿಲು ದಾಟಿ ಪೌಡರ್ ಒಳಗೆ ತಂದಿರಲಿಲ್ಲ. ಆಮೇಲೆ ದಾಟಿದೆ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಡಬ್ಬಿಯನ್ನು ನೆಲದ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ.

“ನಾನೇ ಎತ್ತಿಟ್ಟಿದ್ದೆ ಕಣವ್ವ. ಕೇಳ್ದೆ ಎತ್ತಿಟ್ಟೆ. ತಪ್ಪಾಯ್ತು.”

ಅವಳು ಡಬ್ಬಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದುಕೊಂಡಿದ್ದಳು. “ನಮ್ಮವ್ವಂದು” ಅಂದಳು.

ಮೇಡಂ ಅವಳ ಪಕ್ಕ ಬಗ್ಗಿದರು. “ಪುಟ್ಟಾ, ನನ್ನ ಜೊತೆ ಬರ್ತೀಯಾ? ಜೀಪಲ್ಲಿ ಹೋಗೋಣ. ಅಲ್ಲಿ ತುಂಬಾ ಮಕ್ಕಳಿದ್ದಾರೆ.”

ಹುಡುಗಿ ಮೇಡಂ ಮುಖ ನೋಡಿದಳು, ಜೀಪು ನೋಡಿದಳು, ಆಮೇಲೆ ಒಲೆಯ ಕಡೆ ನೋಡಿದಳು. ಬೆಳಗ್ಗೆ ಎದ್ದವಳೇ ಅವಳು ಉಳಿದ ಕಾಳನ್ನೂ ಹಿತುಕಿ ಮುಗಿಸಿದ್ದಳು. ನಾನು ಅದನ್ನು ಒಲೆಯ ಮೇಲೆ ಇಟ್ಟಿದ್ದೆ, ಇನ್ನೂ ಬರೆದಿರಲಿಲ್ಲ.

“ಕಾಳೆಲ್ಲಾ ನಾನೇ ಹಿತ್ಕಿರೋದು” ಅಂದಳು. “ಸಾರೇ ಆಗಿಲ್ಲ. ಉಣ್ದೆ ಹೆಂಗ್ ಬರ್ಲಿ?”

ಬಾಗಿಲಲ್ಲಿದ್ದ ಓರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು, “ಮೂರು ಹೊತ್ತೂ ಮೂಗಿ ಅಂದ್ಕೊಂಡಿದ್ನಲ್ಲವ್ವ! ಮೇಡಂಗೇ ಕೇಳ್ತವ್ಳೆ” ಅಂದಳು.

ಮೇಡಂ ಚೀಲ ಕೆಳಗಿಟ್ಟರು. ಸಾರಿಗೆ ಒಗ್ಗರಣೆ ಬೀಳುವವರೆಗೆ ಕಾದರು. ಹುಡುಗಿ ನಮ್ಮೆಲ್ಲರ ಎದುರಿಗೇ ಉಂಡಳು. ಜ್ವರ ಎದ್ದ ಹುಳುವಿಗೆ ಮೊದಲ ಸೊಪ್ಪು ಕಡಿಮೆ ಹಾಕಬೇಕು. ನಾನು ಸಣ್ಣ ಮುದ್ದೆ ಮಾಡಿದ್ದೆ. ಅವಳು ಇನ್ನೊಂದು ಕೇಳಿದಳು. ಚಾಲಕರು ಎರಡು ಸಲ ಸಾರು ಹಾಕಿಸಿಕೊಂಡರು. ಊಟವಾದ ಮೇಲೆ ಎಲ್ಲರೂ ಜೀಪಿನಲ್ಲಿ ಕನಕಪುರದ ಆಸ್ಪತ್ರೆಗೆ ಹೋದೆವು. ಡಾಕ್ಟರು ತೂಕ ತುಸು ಇಳಿದಿದೆ, ಬೇರೆ ತೊಂದರೆ ಇಲ್ಲ ಎಂದು ಬರೆದುಕೊಟ್ಟರು. ಮೇಡಂ ಹದಿನೈದು ದಿನ ನೋಡೋಣ ಎಂದು ಗಡುವು ಹಾಕಿ ಅವಳನ್ನು ನನ್ನ ಜೊತೆಗೇ ವಾಪಸ್ ಕಳಿಸಿದರು. ನಾವು ಜೀಪಿನಿಂದ ಇಳಿಯುವಾಗ ನನ್ನ ಪುಸ್ತಕ ಹಿಂದಕ್ಕೆ ಕೊಟ್ಟು, “ದಯವಿಟ್ಟು ಇನ್ನು ಮೇಲೆ ಜ್ವರ ಅಂತ ಬರೀಬೇಡಿ ಅಮ್ಮ, ನನ್ನ ಕೆಲಸ ಹೋಗುತ್ತೆ” ಅಂದರು. ಆಮೇಲೆ, “ಉಳಿದಿದ್ದು ಬರೀರಿ. ಅದನ್ನ ಬಿಡಬೇಡಿ” ಎಂದೂ ಸೇರಿಸಿದರು.

ಅವತ್ತಿನ ಪುಟದಲ್ಲಿ ಎರಡು ಗೆರೆ ಬರೆದೆ. ‘ಪೌಡರ್ ಡಬ್ಬಿ ಮಂಗಳವಾರ ನಾನು ಕೇಳದೆ ಎತ್ತಿಟ್ಟದ್ದು, ಇವತ್ತು ಕೊಟ್ಟೆ. ಎದ್ದಳು.’

ಅದಾಗಿ ಐದು ತಿಂಗಳಾಯಿತು. ಹದಿನೈದು ದಿನದ ಗಡುವು ಕಳೆದು, ಅವಳು ನನ್ನಲ್ಲೇ ಇರಲೆಂದು ಸಮಿತಿಯ ಕಾಗದವೂ ಬಂತು. ಅವಳ ತಾಯಿ ಈಗ ಎದ್ದು ಓಡಾಡುತ್ತಾರಂತೆ. ತಿಂಗಳಿಗೆ ಎರಡು ಸಲ ರಾಮನಗರದಲ್ಲಿ ಭೇಟಿ ಮಾಡಿಸುತ್ತಾರೆ. ಶಾಲೆ ಶುರುವಾಗುವ ಮೊದಲು ಅವಳನ್ನು ತಾಯಿಯ ಬಳಿಗೆ ಕಳಿಸುವ ಮಾತು ನಡೆದಿದೆ. “ಹೆಂಗೆ ಬುಟ್ಟಿರ್ತೀಯಕ್ಕ?” ಎಂದು ಓರಗಿತ್ತಿ ಕೇಳುತ್ತಾಳೆ. ನನಗೂ ಗೊತ್ತಿಲ್ಲ. ರೈತರು ಚಾಕಿ ಒಯ್ಯಲು ಬಂದಾಗ ನನ್ನ ಗಂಡ ತಟ್ಟೆಗಳನ್ನು ತಾವೇ ಎತ್ತಿ ಗಾಡಿಯಲ್ಲಿಡುತ್ತಿದ್ದರು. ಆಮೇಲೆ ತಿರುಗಿ ನೋಡದೆ ಒಳಗೆ ಬಂದು ಕೈ ತೊಳೆಯುತ್ತಿದ್ದರು. ಯಾಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. “ನೋಡ್ತಾ ನಿಂತ್ರೆ ಅವ್ರ ಮನೆ ಸೊಪ್ಪಿನ್ ಮೇಲೆ ಅನುಮಾನ ಬತ್ತದೆ ಕಣಮ್ಮಿ” ಅಂದಿದ್ದರು.

ಬೇಸಿಗೆಯ ಸೆಕೆಗೆ ಹುಡುಗಿ ಈಗ ಹುಳದ ಮನೆಯಲ್ಲಿ ಮಲಗುತ್ತಾಳೆ. ಅದು ತಂಪು. ಪೇರಿಸಿಟ್ಟ ತಟ್ಟೆಗಳ ಪಕ್ಕದಲ್ಲೇ ಅವಳ ಹಾಸಿಗೆ. ಹನ್ನೊಂದರ ಹೊತ್ತಿಗೆ ಇವತ್ತೂ ಕಾಲು ತಾನಾಗಿ ಅಲ್ಲಿಗೆ ಹೋಯಿತು. ಬಾಗಿಲು ತೆಗೆದರೆ ಒಳಗೆಲ್ಲ ಪೌಡರ್ ವಾಸನೆ. ಇನ್ನು ಆ ಕೋಣೆಯಲ್ಲಿ ಹುಳು ಸೊಪ್ಪು ಮುಟ್ಟುವುದಿಲ್ಲ. ಶಾಖದ ಅಳತೆ ನೋಡಲಿಲ್ಲ. ಅವಳು ನೆಲದ ಮೇಲೆ ಉದುರಿಸಿದ್ದ ಪೌಡರನ್ನು ಸೆರಗಿನಲ್ಲಿ ಒರೆಸಿದೆ. ಬಾಗಿಲು ತೆರೆದೇ ಬಿಟ್ಟು ಅಡಿಗೆಗೆ ಬಂದೆ.